ಅಂಟಕ್ಕನ ಕೇಕು

ಕೇಕಿನ ಟಿನ್ನು ತಯಾರಿಸುವ ಕಂಪನಿಯೊಂದರಲ್ಲಿ, ಗಿರಾಕಿಗಳ ಫೋನು ತೆಗೆದುಕೊಳ್ಳುವ ಕೋಣೆಯಲ್ಲಿ ಅವಳಿಗೆ ಕೆಲಸ. ಎಲ್ಲರೂ ಅವಳನ್ನು ಅಂಟಕ್ಕ ಎಂದೇ ಕರೆಯುತ್ತಿದ್ದರು. ಹಿಡಿ ಮುರಿದದ್ದು, ಬಣ್ಣ ಹೋದದ್ದು, ಅಳತೆ ತಪ್ಪಿದ್ದು, ಇವನ್ನೆಲ್ಲ ಬೇರೆಯವರು ನೋಡಿಕೊಳ್ಳುತ್ತಿದ್ದರು. ಕೇಕು ಅಂಟಿಕೊಂಡಿತು ಎಂಬ ದೂರು ಮಾತ್ರ ಅವಳ ಪಾಲಿಗೆ. "ಅಂಟಕ್ಕಾ, ನಿಮ್ಮ ನೆಂಟರು ಲೈನಲ್ಲಿದಾರೆ" ಎಂದು ಪಕ್ಕದ ಮೇಜಿನವನು ಕೂಗಿದರೆ ಕೋಣೆಯೆಲ್ಲ ನಗುತ್ತಿತ್ತು. ಅವಳೂ ನಗುತ್ತಿದ್ದಳು. ಮಧ್ಯಾಹ್ನ ಊಟಕ್ಕೆ ಮಾತ್ರ ಅವಳನ್ನು ಕರೆಯುವುದು ಯಾರಿಗೂ ನೆನಪಾಗುತ್ತಿರಲಿಲ್ಲ.

ಹನ್ನೊಂದು ವರ್ಷದಿಂದ ಹೇಳಿ ಹೇಳಿ ಅವಳಿಗೆ ಎಲ್ಲ ಬಾಯಿಪಾಠವಾಗಿತ್ತು. "ಮೂಲೆಮೂಲೆಗೂ ಬೆಣ್ಣೆ ಸವರಿ. ಮೇಲೆ ಒಂದು ಚಮಚ ಮೈದಾ ಉದುರಿಸಿ, ಟಿನ್ ತಿರುಗಿಸ್ತಾ ತಟ್ಟಿ, ಉಳಿದದ್ದನ್ನ ಕೊಡವಿಬಿಡಿ. ತಳಕ್ಕೆ ಸರಿಯಾಗಿ ಬೆಣ್ಣೆ ಕಾಗದ ಕತ್ತರಿಸಿ ಹಾಕಿ. ಓವನ್ನಿಂದ ತೆಗೆದ ಮೇಲೆ ಹತ್ತು ನಿಮಿಷ ಬಿಡಿ. ಅವಸರ ಮಾಡಿದ್ರೆ ಮುರಿಯುತ್ತೆ, ಮರೆತುಬಿಟ್ರೆ ಹಿಡ್ಕೊಳ್ಳುತ್ತೆ."

ಸಂಜೆ ಮೂರನೆಯ ಮಹಡಿಯ ಒಂಟಿ ಕೋಣೆಗೆ ಮರಳಿದರೆ ಮಾತೆಂಬುದೇ ಇರಲಿಲ್ಲ. ಅಮ್ಮ ಹೋಗಿ ನಾಲ್ಕು ವರ್ಷವಾಗಿತ್ತು. ಬೇರೆ ಊರಿನಲ್ಲಿದ್ದ ಅಣ್ಣ ತಿಂಗಳಿಗೊಮ್ಮೆ ಫೋನು ಮಾಡಿ "ಆರಾಮಾ?" ಎನ್ನುತ್ತಿದ್ದ. ಆರಾಮು ಎಂದರೆ ಅಲ್ಲಿಗೆ ಮುಗಿಯಿತು. ಶನಿವಾರ ಸಂಜೆಯಿಂದ ಸುಮ್ಮನಿದ್ದ ಗಂಟಲು ಸೋಮವಾರದ ಮೊದಲ ಕರೆಗೆ ಕಟ್ಟಿಕೊಂಡು, ಎರಡು ಸಲ ಕೆಮ್ಮಿದ ಮೇಲೆಯೇ ದನಿ ಹೊರಡುತ್ತಿತ್ತು.

ಅಂಥದೇ ಒಂದು ಸೋಮವಾರ ಗಾರೆ ಕೆಲಸದ ಮೇಸ್ತ್ರಿಯೊಬ್ಬ ಫೋನು ಮಾಡಿದ. ಹೆಂಡತಿ ಆಸ್ಪತ್ರೆಯಿಂದ ಮನೆಗೆ ಬರುವವಳಿದ್ದಳಂತೆ. ಅವಳಿಗಾಗಿ ಮಾಡಿದ ಕೇಕು ಮೂರು ಸಲವೂ ಅರ್ಧ ಟಿನ್ನಿನಲ್ಲಿ, ಅರ್ಧ ತಟ್ಟೆಯಲ್ಲಿ. ಅಂಟಕ್ಕ ಎಂದಿನ ಬಾಯಿಪಾಠ ಒಪ್ಪಿಸಿದಳು.

"ಗೋಡೆಗೆ ಗಾರೆ ಮೆತ್ತೋ ಕೈ ಮೇಡಂ ಇದು. ಬೆಣ್ಣೆ ಸವರೋಕೆ ಬರಲ್ವಾ? ನೀವು ಹೇಳಿದ್ದೆಲ್ಲಾ ಆಗ್ಲೇ ಮಾಡಿ ನೋಡಿದೀನಿ. ಅದು ಬಿಡಿ, ನೀವು ನಿಮ್ಮನೇಲಿ ಹೆಂಗೆ ಮಾಡ್ತೀರಿ, ಅದು ಹೇಳಿ."

ಸುಳ್ಳು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ.

"ನಾನು ಒಂದ್ಸಲನೂ ಕೇಕು ಮಾಡಿಲ್ಲ."

ಆ ಕಡೆ ಮೇಸ್ತ್ರಿ ಹೊಟ್ಟೆ ತುಂಬ ನಕ್ಕ. "ಸರಿಹೋಯ್ತು! ಈಜು ಬರದವರು ದಡದಲ್ಲಿ ನಿಂತ್ಕೊಂಡು ಕೈಕಾಲು ಬಡಿ ಬಡಿ ಅಂದಂಗಾಯ್ತು!" ಎಂದು ಫೋನಿಟ್ಟ.

ಅವನು ಬೈದಿದ್ದರೆ ಅವಳು ಸಂಜೆಗೆಲ್ಲ ಮರೆಯುತ್ತಿದ್ದಳು. ಆ ನಗು ಮಾತ್ರ ವಾರವಿಡೀ ಬೆನ್ನು ಬಿಡಲಿಲ್ಲ. ಶುಕ್ರವಾರ ಮೇಲಧಿಕಾರಿಯ ಬಳಿ ಹೋಗಿ ಮಾದರಿ ಕಪಾಟಿನಿಂದ ಒಂದು ಟಿನ್ನು ಕೇಳಿದಳು. "ಇಷ್ಟು ವರ್ಷದಲ್ಲಿ ಇದೇ ಮೊದಲ ಸಲ ಏನೋ ಕೇಳ್ತಿದೀರಿ, ತಗೊಳ್ಳಿ" ಎಂದು ಅವರು ಬೀಗದ ಕೈಯನ್ನೇ ಕೊಟ್ಟರು.

ಟಿನ್ನೇನೋ ಬಂತು, ಓವನ್ ಎಲ್ಲಿ? ಕೆಳಗಿನ ಮಹಡಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳಿದ್ದಳು. ಅವಳ ಮನೆಯಿಂದ ಆಗಾಗ ಓವನ್ನಿನಲ್ಲಿ ಬೆಂದ ಸಕ್ಕರೆಯ ಪರಿಮಳ ಮೆಟ್ಟಿಲ ತನಕ ಬರುತ್ತಿತ್ತು. ಆರು ವರ್ಷದಿಂದ ಎದುರಾದಾಗ ತಲೆಯಾಡಿಸುವಷ್ಟೇ ಅವರ ಪರಿಚಯ. ಭಾನುವಾರ ಅಂಟಕ್ಕ ಹಿಟ್ಟು ಕಲಸಿ, ಬೆಣ್ಣೆ ಸವರಿದ ಟಿನ್ನಿಗೆ ಸುರಿದು, ಕೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಮೂರು ಸಲ ಹೇಳಿಕೊಂಡು ಬಾಗಿಲು ತಟ್ಟಿದಳು.

ಕೊರಳಿಗೆ ಅಳತೆ ಟೇಪು ಹಾಕಿಕೊಂಡ ಆ ಹೆಂಗಸು ತುಟಿ ನಡುವಿನ ಗುಂಡುಪಿನ್ನು ತೆಗೆದು, "ಬಟ್ಟೆ ಕೊಡೋಕೆ ಬಂದ್ರಾ?" ಎಂದಳು.

"ಇಲ್ಲ. ಇದನ್ನ ನಿಮ್ಮ ಓವನ್ನಲ್ಲಿ ಇಡಬಹುದಾ ಅಂತ..."

"ಅಯ್ಯೋ, ಇಷ್ಟಕ್ಕೆ ಹೊಸಿಲಲ್ಲಿ ನಿಂತ್ಕೋಬೇಕಾ? ಒಳಗ್ ಬನ್ನಿ."

ಕೇಕು ಚೆನ್ನಾಗಿ ಉಬ್ಬಿತು. ಹೊರತೆಗೆದು ಕಟ್ಟೆಯ ಮೇಲಿಟ್ಟು ಅಂಟಕ್ಕ ಗಡಿಯಾರ ನೋಡಿಕೊಂಡಳು. ಅಷ್ಟರಲ್ಲಿ ದರ್ಜಿ ಟೀ ತಂದು ಮಾತು ತೆಗೆದಳು. ಸೊಂಟದ ಅಳತೆ ತೆಗೆಯುವಾಗ ಉಸಿರು ಬಿಗಿಹಿಡಿದು ನಿಂತು, ಆಮೇಲೆ ಬಟ್ಟೆ ಬಿಗಿ ಎಂದು ಜಗಳಕ್ಕೆ ಬರುವವರ ಕಥೆ ಹೇಳಿದಳು. ಅಂಟಕ್ಕ ಮೇಸ್ತ್ರಿಯ ಕಥೆ ಹೇಳಿದಳು. ಮಾತಿನಿಂದ ಮಾತು ಬೆಳೆದು ಅಮ್ಮನ ವಿಷಯಕ್ಕೆ ಬಂತು.

"ಕೊನೆಕೊನೆಗೆ ಅಮ್ಮಂಗೆ ನನ್ನ ಗುರುತೇ ಸಿಗ್ತಿರಲಿಲ್ಲ. ನರ್ಸಮ್ಮಾ ಅಂತಿದ್ಲು. ನಿಂಗೆ ಮನೇಲಿ ಯಾರೂ ಇಲ್ವಾ, ಹೊತ್ತಾಯ್ತು, ಮನೆಗೆ ಹೋಗು ಅಂತಿದ್ಲು."

"ನೀವೇನಂತಿದ್ರಿ?"

"ಇನ್ನೇನು ಹೊರಡ್ತೀನಿ ಅಂತಿದ್ದೆ."

ಈ ಮಾತನ್ನು ಅವಳು ಅಣ್ಣನಿಗೂ ಹೇಳಿರಲಿಲ್ಲ. ದರ್ಜಿ ಅವಳ ಲೋಟ ತೆಗೆದುಕೊಂಡು ಇನ್ನಷ್ಟು ಟೀ ಸುರಿದು ಕೈಗಿಟ್ಟಳು.

ಕೇಕಿನ ನೆನಪಾಗುವ ಹೊತ್ತಿಗೆ ಗಂಟೆ ದಾಟಿತ್ತು. ಟಿನ್ನು ಕಲ್ಲಿನಂತೆ ತಣ್ಣಗಾಗಿತ್ತು. ಮಗುಚಿದರೂ ಬರಲಿಲ್ಲ, ತಟ್ಟಿದರೂ ಬರಲಿಲ್ಲ. ಸುತ್ತ ಚಾಕು ಆಡಿಸಿ ಕೊಡವಿದಾಗ ನಡುಭಾಗ ಮಾತ್ರ ಧೊಪ್ಪನೆ ಬಿತ್ತು. ಅಂಚೆಲ್ಲ ಟಿನ್ನಿಗೇ ಕಚ್ಚಿಕೊಂಡಿತ್ತು.

"ಹತ್ತು ನಿಮಿಷ, ಹತ್ತು ನಿಮಿಷ ಅಂತ ಊರಿಗೆಲ್ಲಾ ಹೇಳೋದು ನಾನೇ!" ಎಂದು ಅಂಟಕ್ಕ ತಲೆ ಚಚ್ಚಿಕೊಂಡಳು.

"ಹೊಟ್ಟೆಗೇನು ಚೂರು, ಇಡೀದು ಅಂತ ಗೊತ್ತಾಗುತ್ತಾ? ಚಮಚ ತಗೊಳ್ಳಿ" ಎಂದಳು ದರ್ಜಿ. ಇಬ್ಬರೂ ಟಿನ್ನಿನಿಂದಲೇ ಕೆರೆದು ತಿಂದರು.

ಆದರೆ ಒಂದು ಭಾನುವಾರಕ್ಕೆ ಬದುಕೇನೂ ಮಗುಚಿಕೊಳ್ಳಲಿಲ್ಲ. ಮರುದಿನದಿಂದ ದರ್ಜಿಗೆ ಕೈತುಂಬ ಕೆಲಸ, ಇವಳಿಗೆ ಫೋನು. ಮೆಟ್ಟಿಲಲ್ಲಿ ಸಿಕ್ಕರೆ ತಲೆಯಾಡಿಸುವುದರ ಜೊತೆಗೆ "ಊಟ ಆಯ್ತಾ?" ಎಂಬ ಒಂದು ಮಾತು ಸೇರಿತು, ಅಷ್ಟೇ. ಎರಡು ತಿಂಗಳ ಮೇಲೆ ಒಂದು ಭಾನುವಾರ ಅಂಟಕ್ಕ ಮತ್ತೆ ಧೈರ್ಯ ಮಾಡಿ ಹಿಟ್ಟು ಕಲಸಿಕೊಂಡು ಇಳಿದರೆ ಬಾಗಿಲಿಗೆ ಬೀಗ. ತಟ್ಟಿದಳು, ಕಾದಳು. ಕಲಸಿದ ಹಿಟ್ಟು ಕಾಯುವಂಥದ್ದಲ್ಲ. ಮೇಲೆ ಬಂದು ಬಾಣಲೆಯಲ್ಲೇ ಸುರಿದು, ಮುಚ್ಚಳ ಮುಚ್ಚಿ ಬೇಯಿಸಿದಳು. ತಳ ಸೀದು, ನಡುವೆ ಹಸಿಯಾಗಿ, ಅದಕ್ಕೆ ಹೆಸರಿಡಲಾಗದಂಥ ಏನೋ ಒಂದು ಆಯಿತು. ಕಿಟಕಿಯ ಬಳಿ ನಿಂತು ಎರಡು ತುತ್ತು ತಿಂದು ಉಳಿದದ್ದನ್ನು ಮುಚ್ಚಿಟ್ಟಳು.

ಬುಧವಾರ ದರ್ಜಿಯೇ ಮೆಟ್ಟಿಲಲ್ಲಿ ತಡೆದಳು. ಕೈಯಲ್ಲಿ ಇನ್ನೂ ಪ್ರಯಾಣದ ಚೀಲವಿತ್ತು.

"ಭಾನುವಾರ ಬಂದು ಬಾಗಿಲು ತಟ್ಟಿದ್ರಂತೆ, ಎದುರುಮನೆಯವರು ಹೇಳಿದ್ರು. ತಂಗಿ ಮನೆಗೆ ಹೋಗಿದ್ದೆ ಕಣ್ರೀ. ನಿಮಗೊಂದು ಮಾತು ಹೇಳಿ ಹೋಗ್ಬೇಕಿತ್ತು."

"ಅದಕ್ಕೇನಂತೆ" ಎಂದು ಅಂಟಕ್ಕ ಮೇಲೆ ಹತ್ತಿದಳು. ಊರಿಗೆ ಹೋಗುವ ಮುಂಚೆ ತನಗೊಂದು ಮಾತು ಹೇಳಬೇಕಿತ್ತು ಎಂದು ಯಾರಿಗಾದರೂ ಅನ್ನಿಸಿ ಎಷ್ಟು ಕಾಲವಾಗಿತ್ತೋ ಅವಳಿಗೆ ಲೆಕ್ಕ ಸಿಗಲಿಲ್ಲ. ಕೋಣೆಯ ಬಾಗಿಲು ತೆರೆದು, ದೀಪ ಹಾಕಿ, ಚಪ್ಪಲಿ ಬಿಚ್ಚುವುದನ್ನೂ ಮರೆತು ಸ್ವಲ್ಪ ಹೊತ್ತು ಮಂಚದ ತುದಿಯಲ್ಲಿ ಕುಳಿತಿದ್ದಳು.