ಅಕ್ಕ ಹೊರದ ಹರಕೆ

ಹೋದ ವಾರ ಜೇವರ್ಗಿಯಿಂದ ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ಮೊಣಕಾಲಿಗೆ ನೋವಿನ ಮುಲಾಮು ಹಚ್ಚಿಕೊಂಡಳು. ಆ ಘಾಟು ಮೂಗಿಗೆ ಬಡಿದದ್ದೇ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಆಳಂದದಲ್ಲಿ ನಮ್ಮ ಮಗ್ಗುಲ ಮನೆಯ ಅಕ್ಕನ ವಾಸನೆ ಅದು. ಮಲ್ಲಿಗೆ ಮುಡಿಯುವ ವಯಸ್ಸಿನಲ್ಲಿ ಮುಲಾಮು ಬಳಿದುಕೊಂಡು ಓಡಾಡುತ್ತಿದ್ದ ಹುಡುಗಿ...

ಅಕ್ಕ ನೃತ್ಯ ಮಾಡುತ್ತಿದ್ದಳು. ಭರತನಾಟ್ಯವಲ್ಲ, ಸಿನಿಮಾ ಡಾನ್ಸೂ ಅಲ್ಲ. ಗೆಜ್ಜೆಯಿಲ್ಲ, ಬಣ್ಣವಿಲ್ಲ, ಬೀಳುವುದು, ಉರುಳುವುದು, ಏಳುವುದು. ಪುಣೆಯಲ್ಲಿ ಕಲಿತು ಅಲ್ಲೇ ಒಂದು ತಂಡ ಕಟ್ಟಿದ್ದಳು. ಊರಿಗೆ ಬಂದರೂ ಒಂದು ಕಡೆ ನಿಲ್ಲುವವಳಲ್ಲ. ಒಲೆ ಮುಂದೆ ನಿಂತು ರೊಟ್ಟಿ ಬೇಯಿಸುವಾಗಲೂ ಹಿಮ್ಮಡಿ ಎತ್ತಿ ಇಳಿಸುತ್ತಿದ್ದಳು. ಅವಳ ತಾಯಿಯನ್ನು ನಾನು ಕಾಕು ಎನ್ನುತ್ತಿದ್ದೆ. "ಮಗಳು ಕುಣ್ಯಾದು ನೋಡ್ಲಾಕ ನಾ ಬರಲ್ಲ" ಎಂದು ಕಾಕು ಖಡಾಖಂಡಿತ ಹೇಳಿಬಿಟ್ಟಿದ್ದರು. ಎಲ್ಲೆಲ್ಲೋ ಚಪ್ಪಾಳೆ ಬಿದ್ದರೂ ಅಕ್ಕನಿಗೆ ಅದೊಂದೇ ಕೊರಗು. "ನಮ್ಮವ್ವ ಒಂದ್ಸಲರೆ ನೋಡ್ಬೇಕು ಬೇ" ಎಂದು ನನ್ನ ತಲೆ ತಿನ್ನುತ್ತಿದ್ದಳು.

ಕೊನೆಗೆ ಊರಿನ ಕಲ್ಯಾಣ ಮಂಟಪದಲ್ಲೇ ಪ್ರದರ್ಶನ ಇಟ್ಟಳು. ವೇದಿಕೆ ಬೇಡವೆಂದು ಕೆಳಗಿನ ಫರ್ಸಿ ಕಲ್ಲಿನ ನೆಲವನ್ನೇ ಆರಿಸಿಕೊಂಡಳು. ಜನ ಸುತ್ತ ಕೂತರು. ನಾನು ಅಂಗಲಾಚಿ ಕಾಕುವನ್ನು ಕರೆತಂದೆ. ಹಾಡಿಲ್ಲ, ತಬಲಾ ಇಲ್ಲ, ಅಕ್ಕನ ಉಸಿರಿನ ಸದ್ದೊಂದೇ. ಅವಳು ಬೋರಲು ಮಲಗಿ, ಕೈ ಚಾಚಿ ಬೆರಳಿನಿಂದ ಗೆರೆ ಎಳೆದು, ಎದ್ದು ಆ ಗೆರೆಗೆ ನಿಂತು, ಮತ್ತೆ ಬಿದ್ದಳು. ಹರಕೆ ಹೊತ್ತವರು ಗುಡಿಗೆ ಹಾಕುವ ದೀಡ ನಮಸ್ಕಾರದಿಂದಲೇ ಆ ನೃತ್ಯ ಕಟ್ಟಿದ್ದಳು. ಅದರಲ್ಲಿ ದೇವರಿಲ್ಲ, ಒಬ್ಬ ಹೆಣ್ಣು ತನ್ನ ಮೈಯಿಂದ ನೆಲ ಅಳೆಯುತ್ತಾಳೆ ಅಷ್ಟೇ, ಎಂದು ನನಗೆ ಹೇಳಿದ್ದಳು.

"ಮ್ಯೂಸಿಕ್ ಹಚ್ರಿ, ಕರೆಂಟ್ ಹೋಗ್ಯಾದೇನು?" ಎಂದು ಹಿಂದಿನಿಂದ ಒಬ್ಬ ಕೂಗಿದ. ನಗು ಹಬ್ಬಿತು. ಸಿಳ್ಳೆಯೂ ಬಿತ್ತು.

ಕಾಕು ಎದ್ದರು. ಹೊರಟೇ ಹೋಗುತ್ತಾರೆ ಅಂದುಕೊಂಡೆ. ಅವರು ಕುಡಿಯುವ ನೀರಿನ ಕೊಡದಿಂದ ತಂಬಿಗೆ ತುಂಬಿಕೊಂಡು ಬಂದು ಮಗಳ ಮುಂದೆ ನೆಲಕ್ಕೆ ಸುರಿದರು. ನಮಸ್ಕಾರ ಹಾಕುವವರ ದಾರಿಗೆ ಮನೆಯವರು ನೀರು ಹಾಕುವುದು ನಮ್ಮಲ್ಲಿ ರೂಢಿ. ನಗು ಗಕ್ಕನೆ ನಿಂತಿತು. ಹೆಂಗಸರು ಕೈ ಮುಗಿದರು. ಅಕ್ಕ ಒಂದು ಕ್ಷಣ ತಡೆದಳು... ಆಮೇಲೆ ಆ ನೀರಿನಲ್ಲೇ ಬಿದ್ದಳು. ತಾಯಿ ಸುರಿಯುತ್ತ ಹಿಂದೆ ಸರಿದರು, ಮಗಳು ಬೀಳುತ್ತ ಮುಂದೆ ಬಂದಳು.

ಮುಗಿದ ಮೇಲೆ ಕಾಕು ಎಲ್ಲರಿಗೂ ಕೇಳುವಂತೆ, "ಹರಕಿ ಮುಟ್ಟಿತು ಮಗಳ. ಇನ್ನ ಸಾಕು" ಎಂದರು.

ಅಕ್ಕ ಮರುದಿನವೇ ಬಸ್ಸು ಹತ್ತಿದಳು. "ಅವ್ವ ಹರಕಿ ನೋಡಿದ್ಲು, ನನ್ನ ನೋಡ್ಲಿಲ್ಲ ಬೇ" ಎಂದಳು. ಆ ನೃತ್ಯವನ್ನು ಮತ್ತೆಂದೂ ಮಾಡಲಿಲ್ಲ. ಹೊಸ ಹೊಸದು ಕಟ್ಟಿದಳು, ಯಾವುದರಲ್ಲೂ ಸಮಾಧಾನ ಕಾಣಲಿಲ್ಲ. ಊರಿಗೆ ಬಂದರೆ ಚೀಲವನ್ನೂ ಬಿಚ್ಚುತ್ತಿರಲಿಲ್ಲ. ಫೋನಿನಲ್ಲಿ ಮಾತ್ರ ನನ್ನನ್ನು ಕೇಳುತ್ತಿದ್ದಳು, ಅವ್ವ ಅವತ್ತಿನ ಕುಣಿತದ ಬಗ್ಗೆ ಏನಾದರೂ ಅಂದಳೇ ಎಂದು. ಹೋದ ವರ್ಷ ಕಾಯಿಲೆ ಬಿದ್ದು ಪುಣೆಯಲ್ಲೇ ತೀರಿಕೊಂಡಳು...

ಬಸ್ಸಿಳಿದು ನಾನು ನೇರ ಕಾಕುವಿನ ಮನೆಗೆ ಹೋದೆ. ಅವರು ಮಗನ ಮಗಳ ತಲೆ ಬಾಚುತ್ತಿದ್ದರು. ಕೂತೆ, ಎದ್ದೆ, ಮತ್ತೆ ಕೂತೆ. ಕೊನೆಗೆ ಕೇಳಿಯೇಬಿಟ್ಟೆ. "ಕಾಕು, ಅವತ್ತು ಅಕ್ಕ ಹಾಕಿದ್ದು ಹರಕಿ ಅಂತ ಖರೇನೇ ತಿಳ್ಕೊಂಡಿದ್ರೇನ್ರಿ?"

"ಹಡದಾಕಿಗಿ ಅಷ್ಟೂ ತಿಳಿಯಲ್ಲೇನು? ಮಂದಿ ನಗ್ಲಾಕತ್ತಿದ್ರು. ಹರಕಿ ಅಂದ್ರ ಬಾಯಿ ಮುಚ್ಚತಾರ, ಅದಕ್ಕ ನೀರು ಹಾಕ್ದೆ." ಕಾಕುವಿನ ಕೈ ನಿಂತಿತು. "ಎಷ್ಟು ಚಂದ ಬೀಳ್ತಿದ್ಲು ಬೇ ಅಕಿ..."

"ಅಕ್ಕಗ ಇದು ಹೇಳಿದ್ರೇನ್ರಿ?"

"ಫೋನಿನ್ಯಾಗ ಇಂಥಾದ್ದು ಹ್ಯಾಂಗ ಹೇಳಾದು? ಮನಿಗಿ ಬಂದಾಗ ಹೇಳಿದ್ರಾತು ಅಂದೆ. ಒಂದ್ ಕಡಿ ಕೂಡ್ತಿದ್ಲೇನು ಅಕಿ?"

ನನಗೆ ಅಲ್ಲಿ ಇರಲಾಗಲಿಲ್ಲ. ಅಂಗಳಕ್ಕೆ ಬಂದು ಬಾಯಿಗೆ ಸೆರಗು ಹಿಡಿದು ಅತ್ತೆ.