ಕೋಳಿಗೂಡಿನ ಕಾವಲಿ

ಕಾಪುವಿನ ಮೀನು ಮಾರುಕಟ್ಟೆಯಲ್ಲಿ ನಳಿನಾಕ್ಷಿಯ ಬುಟ್ಟಿಯ ಮುಂದೆ ನಿಂತವರಿಗೆ ಕಿವಿರು ಎತ್ತಿ ನೋಡುವ ಕೆಲಸವೇ ಇರಲಿಲ್ಲ. ಬೂತಾಯಿ ಮೀನು ನಿನ್ನೆಯದಾದರೆ ಅವಳೇ ಹೇಳಿಬಿಡುವಳು. "ಇದು ಬೇಡ ಅಕ್ಕಾ, ಐಸಿನಲ್ಲಿ ಇದ್ದದ್ದು. ಮನೆಯಲ್ಲಿ ಬೆಕ್ಕು ಉಂಟಾದರೆ ಕೊಂಡುಹೋಗಿ." ಪಕ್ಕದಲ್ಲಿ ಕೂತು ಮಾರುವ ಹೆಂಗಸರಿಗೆ ಇದನ್ನು ಕೇಳಿ ಹೊಟ್ಟೆ ಉರಿಯುತ್ತಿತ್ತು. "ಬಂದಳು ನೋಡಿ ನಮ್ಮ ಸತ್ಯಕ್ಕ" ಎಂದು ಹಂಗಿಸುತ್ತಿದ್ದರು. ನಳಿನಾಕ್ಷಿಗೆ ಆ ಹಂಗಿಸುವಿಕೆ ಒಳಗೊಳಗೇ ಖುಷಿ ಕೊಡುತ್ತಿತ್ತು.

ಇಂಥವಳು ತನ್ನ ಮನೆಯ ಅಡುಗೆಕೋಣೆಯಲ್ಲಿ ಎರಡು ವರ್ಷ ಒಂದೇ ಸುಳ್ಳನ್ನು ದಿನಾ ಬೆಳಿಗ್ಗೆ ದೋಸೆಯ ಜೊತೆ ಬಡಿಸಿದಳು ಎಂದರೆ ಯಾರು ನಂಬುತ್ತಾರೆ? ಆದರೆ ಬಡಿಸಿದ್ದು ನಿಜ.

ತಿಂದವರು ಅವಳ ಅತ್ತೆ ಮುತ್ತಕ್ಕ. ದೀಪಸ್ತಂಭದ ಹತ್ತಿರದ ಕೇರಿಯಲ್ಲಿ ಮುತ್ತಕ್ಕನ ನಾಲಗೆಗೆ ದೊಡ್ಡ ಮರ್ಯಾದೆ ಇತ್ತು. ಮದುವೆಯಿರಲಿ, ಸೀಮಂತವಿರಲಿ, ಸಾರಿನ ಪಾತ್ರೆಯನ್ನು ಒಲೆಯಿಂದ ಇಳಿಸುವ ಮೊದಲು "ಮುತ್ತಕ್ಕನನ್ನು ಕರೆಯಿರಿ" ಎಂದು ಜನ ಓಡುತ್ತಿತ್ತು. ಆಕೆ ಬಂದು, ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ, ಕಣ್ಣು ಮುಚ್ಚಿ ನಿಲ್ಲುವಳು. "ಹುಳಿ ಇನ್ನೊಂದು ಚೂರು" ಎಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. ಮೂವತ್ತು ವರ್ಷದಿಂದ ದೊಡ್ಡ ಅಡುಗೆ ಮಾಡಿದವರೂ ತೆಪ್ಪಗೆ ಹುಳಿ ಹಿಂಡುತ್ತಿದ್ದರು.

ಆ ಮನೆಯಲ್ಲಿ ಎರಕದ ಕಬ್ಬಿಣದ ಸಾಮಾನು ಎರಡಿದ್ದವು, ಒಂದು ದೋಸೆಕಾವಲಿ, ಒಂದು ಬಾಣಲೆ. ಮುತ್ತಕ್ಕನ ತಾಯಿ ಕಾರ್ಕಳದ ಪೇಟೆಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದು ಮಗಳ ಮದುವೆಗೆ ಕೊಟ್ಟದ್ದು. ಬಾಣಲೆಯ ಒಂದು ಕಿವಿ ಯಾವಾಗಲೋ ಮುರಿದು ಹೋಗಿತ್ತು. ಕಾವಲಿ ಮಾತ್ರ ಪಳಗಿ ಪಳಗಿ ಕರಿ ಕನ್ನಡಿಯಾಗಿತ್ತು. ಹಿಟ್ಟು ಹೊಯ್ದರೆ ದೋಸೆ ತಾನಾಗಿ ಎದ್ದು ಬರುತ್ತಿತ್ತು. ಮೀನಿನ ಮನೆಯಾದರೂ ಅದರ ಮೇಲೆ ಮೀನು ಮುಟ್ಟಿಸುವಂತಿಲ್ಲ ಎಂಬುದು ಮುತ್ತಕ್ಕನ ಕಾನೂನು. ಮೀನು ಕಾಯಿಸುವ ಕಾವಲಿ ಬೇರೆಯೇ ಇತ್ತು.

ಆ ಕಾನೂನು ಮುರಿದದ್ದು ಎರಡು ಸಾವಿರದ ಒಂದನೇ ಇಸವಿಯ ಮಳೆಗಾಲದಲ್ಲಿ. ನಳಿನಾಕ್ಷಿಯ ಗಂಡ ಯಶ್ವಂತ್ ಹೋಗಿದ್ದ ನಾಡದೋಣಿಗೆ ಬಂಗುಡೆ ರಾಶಿ ಬಿತ್ತು. ಹಸಿದ ದೋಣಿಯವರನ್ನೆಲ್ಲ ಅವನು ಮನೆಗೇ ಕರೆತಂದ. ಮೀನಿನ ಕಾವಲಿಯನ್ನು ನೆರೆಮನೆಯವರು ಒಯ್ದಿದ್ದರು. ಮುತ್ತಕ್ಕ ಎಲ್ಲೂರಿನ ತಂಗಿಯ ಮನೆಗೆ ಹೋಗಿದ್ದಳು. ಹೊಟ್ಟೆಗೆ ಕಾನೂನು ಗೊತ್ತಾಗುತ್ತದೆಯೇ? ನಳಿನಾಕ್ಷಿ ದೋಸೆಕಾವಲಿಯ ಮೇಲೆಯೇ ಬಂಗುಡೆ ಕಾಯಿಸಿ ಬಡಿಸಿದಳು.

ಮರುದಿನ ಹೊಯ್ದ ದೋಸೆಯಲ್ಲಿ ಬಂಗುಡೆ ಘಮ್ಮೆಂದಿತು. ಅತ್ತೆ ಬರುವುದರೊಳಗೆ ವಾಸನೆ ತೆಗೆಯಬೇಕು. ಮೀನು ಮಾರುವವರಿಗೆ ವಾಸನೆ ತೆಗೆಯುವ ವಿದ್ಯೆ ಯಾರು ಹೇಳಿಕೊಡಬೇಕು? ದಿನಾ ಮಾರುಕಟ್ಟೆಯಿಂದ ಬಂದು ಕೈಗೆ ಹಾಕುವುದು ಅದನ್ನೇ, ಹುಣಸೆಹುಳಿ ಮತ್ತು ಉಪ್ಪು. ಅವಳು ಕಾವಲಿಗೆ ಅದನ್ನು ದಪ್ಪಗೆ ಮೆತ್ತಿ ಮರುದಿನದವರೆಗೆ ಇಟ್ಟಳು. ಕೈಯ ಚರ್ಮ ಬೇರೆ, ಕಾವಲಿಯ ಚರ್ಮ ಬೇರೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ತೊಳೆದಾಗ ವಾಸನೆಯ ಜೊತೆಗೆ ಎಷ್ಟೋ ವರ್ಷದ ಕಪ್ಪೂ ಹರಿದು ಹೋಯಿತು. ಬೂದು ಬಣ್ಣದ ಕಬ್ಬಿಣ ಹಲ್ಲುಕಿರಿಯಿತು. ಮಳೆಗಾಲದ ಕಡಲಗಾಳಿಗೆ ವಾರದೊಳಗೆ ಕೆಂಪಗೆ ತುಕ್ಕು ಹಿಡಿಯಿತು. ದೋಸೆ ಅಂಟಿ ಚಿಂದಿಯಾಗತೊಡಗಿತು.

ಹೆದರಿದ ನಳಿನಾಕ್ಷಿ ಉಡುಪಿಗೆ ಹೋಗಿ ನಾನ್‌ಸ್ಟಿಕ್ ತವಾ ತಂದಳು. ಕಾವಲಿಯನ್ನು ಹಿತ್ತಲಿಗೆ ಒಯ್ದು ಮುಂಗುಸಿ ನುಗ್ಗದ ಹಾಗೆ ಕೋಳಿಗೂಡಿನ ಬಾಗಿಲಿಗೆ ಒರಗಿಸಿದಳು. ಅದರ ಹಿಂದೆಯೇ ಬಾಣಲೆಯೂ ಹೋಗಿ ಕೋಳಿಗಳಿಗೆ ನೀರು ಕುಡಿಯುವ ಪಾತ್ರೆಯಾಯಿತು. ಮುತ್ತಕ್ಕನ ಎರಡೂ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಬೆಳಕು ನೆರಳು ಬಿಟ್ಟರೆ ಬೇರೆ ಕಾಣುತ್ತಿರಲಿಲ್ಲ. ಪೊರೆ ಬಲಿಯಲಿ, ಆಮೇಲೆ ತೆಗೆಸಿದರಾಯಿತು ಎಂದು ಎಲ್ಲರೂ ಸುಮ್ಮನಿದ್ದರು.

ಎಲ್ಲೂರಿನಿಂದ ಬಂದ ಮುತ್ತಕ್ಕ ಮೊದಲ ತುತ್ತಿಗೇ ತಲೆ ಎತ್ತಿದಳು. "ಎಂತ ನಳಿನಾ, ದೋಸೆ ಬೇರೆ ಹಾಗೆ ಉಂಟಲ್ಲ. ಕಾವಲಿ ಬದಲಾಯಿಸಿದೆಯಾ?"

"ಇಲ್ಲ ಮಾಮಿ, ಅದೇ ಕಾವಲಿ."

ಬಾಯಿಗೆ ಬಂದದ್ದು ಅಷ್ಟೇ. ಬೈಗುಳಕ್ಕೆ ಹೆದರಿ ಆಡಿದ ಮಾತು. ನಾಳೆ ಹೇಳೋಣ ಎಂದುಕೊಂಡಳು. ನಾಳೆಗೆ ಇನ್ನೊಂದು ನಾಳೆ ಸಿಕ್ಕಿತು. ಬರಬರುತ್ತಾ ಅವಳ ಕಳ್ಳತನಕ್ಕೆ ಚಾಲಾಕುತನವೂ ಸೇರಿತು. ಮರದ ಸಟ್ಟುಗದಿಂದ ದೋಸೆ ಮಗುಚಿ, ಕಬ್ಬಿಣದ ಸಟ್ಟುಗವನ್ನು ಒಲೆಯ ಅಂಚಿಗೆ ಟಣ್ ಎಂದು ಬಡಿಯುವಳು, ಜಗಲಿಯಲ್ಲಿ ಕೂತ ಅತ್ತೆಗೆ ಕಾವಲಿಯ ಸದ್ದು ಕೇಳಲಿ ಎಂದು. ಬಡಿದಾಗೆಲ್ಲ ಅವಳ ಎದೆಯೂ ಟಣ್ ಎನ್ನುತ್ತಿತ್ತು. ಮುತ್ತಕ್ಕ ಮತ್ತೆ ಕಾವಲಿಯ ಸುದ್ದಿ ಎತ್ತಲಿಲ್ಲ. ಹಾಕಿದ್ದನ್ನು ತಿಂದು ಕೈ ತೊಳೆಯುತ್ತಿದ್ದಳು. ಕೇರಿಯವರು ಉಪ್ಪು ನೋಡಲು ಕರೆಯಲು ಬಂದರೆ, "ನನ್ನಿಂದ ಇನ್ನು ಆಗುವುದಿಲ್ಲ ಮಾರಾಯ್ರೆ, ಬೇರೆಯವರನ್ನು ಕರೆಯಿರಿ" ಎಂದು ಕಳಿಸುತ್ತಿದ್ದಳು. ಕಣ್ಣು ಕಾಣದ ಹೆಂಗಸು ಜನರ ನಡುವೆ ಹೇಗೆ ಹೋಗುತ್ತಾಳೆ ಎಂದು ನಳಿನಾಕ್ಷಿ ತಿಳಿದುಕೊಂಡಳು.

ಎರಡು ಸಾವಿರದ ಮೂರರಲ್ಲಿ ಮಣಿಪಾಲದ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಯಿತು. ಮನೆಯವರೆಲ್ಲ ಸಂತೋಷಪಟ್ಟರು. ನಳಿನಾಕ್ಷಿಯೂ ಪಟ್ಟಳು. ಮರುಕ್ಷಣವೇ ಅವಳಿಗೆ ಕೋಳಿಗೂಡು ನೆನಪಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, "ಇನ್ನು ಮಾಮಿಗೆ ಎಲ್ಲ ಕಾಣುತ್ತದೆ" ಎಂದು ಯಾರಾದರೂ ಅಂದರೆ ಸಾಕು, ಅವಳ ಕಣ್ಣು ಹಿತ್ತಲಿನ ಕಡೆಗೆ ಓಡುತ್ತಿತ್ತು.

ಅದೇ ಹೊತ್ತಿಗೆ ದಾರಿಯೊಂದು ತಾನಾಗಿ ಮನೆಗೆ ಬಂತು. ಕಡಲ ಬದಿಯಲ್ಲಿ ಹೊಸ ಲಾಡ್ಜ್ ಕಟ್ಟಿಸಿದ್ದ ಗ್ಲ್ಯಾಡಿಸ್ ಬಾಯಿ ಅಂಜಲ್ ಮೀನಿಗೆ ಹೇಳಿಹೋಗಲು ಬಂದವಳು ಹಿತ್ತಲಿನಲ್ಲಿ ಅವೆರಡನ್ನೂ ಕಂಡಳು.

"ನನಗೆ ಕೊಡು ಮಾರಾಯ್ತಿ. ಕಪ್ಪು ಪೈಂಟ್ ಹೊಡೆಸಿ ಬಾಣಲೆಯಲ್ಲಿ ಹೂವಿನ ಗಿಡ ಇಡುತ್ತೇನೆ. ಕಾವಲಿಯ ಮೇಲೆ ಲಾಡ್ಜಿನ ಹೆಸರು ಬರೆಸಿ ಗೇಟಿಗೆ ತೂಗಿಸಿದರೆ ಎಷ್ಟು ಚಂದ ಅಲ್ವಾ? ಇಲ್ಲಿ ತುಕ್ಕು ಹಿಡಿದು ಎಂತಕ್ಕೆ?"

ಕೊಟ್ಟರೆ ಕಾವಲಿ ಮಾಯ. ಯಾರೋ ಗುಜರಿಯವರು ಎತ್ತಿಕೊಂಡು ಹೋದರು ಎಂದರೆ ಕೇಳುವವರಿಲ್ಲ. "ತೆಗೆದುಕೊಂಡು ಹೋಗಿ" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಅತ್ತೆ ಕಣ್ಣು ಬಂದ ಮೇಲೆ ಮೊದಲು ಹುಡುಕುವುದು ಅದನ್ನೇ ಎಂದು ತೋರಿತು. ತಾಯಿ ತೊಡೆಯ ಮೇಲಿಟ್ಟುಕೊಂಡು ತಂದದ್ದನ್ನು ಲಾಡ್ಜಿನ ಗೇಟಿನಲ್ಲಿ ತೂಗಿಸುವುದೇ? "ಬಾಣಲೆ ಕೊಂಡುಹೋಗಿ ಬಾಯಿ, ಅದರ ಕಿವಿ ಹೇಗೂ ಮುರಿದಿದೆ. ಕಾವಲಿ ಬೇಡ" ಎಂದಳು.

ಈಗ ಅದನ್ನು ಸರಿಮಾಡುವುದು ಹೇಗೆ? ಗೊತ್ತಿದ್ದವಳು ಊರಿಗೆಲ್ಲ ಒಬ್ಬಳೇ, ಜಗಲಿಯಲ್ಲಿ ಕೂತಿದ್ದಳು. ನಳಿನಾಕ್ಷಿ ಹಳೆಯ ಸುಳ್ಳಿನ ಮೇಲೆ ಹೊಸತೊಂದನ್ನು ಹೇರಿದಳು.

"ಮಾಮಿ, ತುಕ್ಕು ಹಿಡಿದ ಕಾವಲಿ ಮತ್ತೆ ಸರಿಯಾಗುತ್ತದಾ? ಗ್ಲ್ಯಾಡಿಸ್ ಬಾಯಿ ಕೇಳುತ್ತಿದ್ದರು."

ಮುತ್ತಕ್ಕನ ಮುಖ ಅರಳಿತು. ಯಾರೂ ಏನೂ ಕೇಳದೆ ತುಂಬ ದಿನ ಆಗಿತ್ತು. "ಆಗದೆ ಎಂತ? ತೆಂಗಿನ ಚಿಪ್ಪಿನ ಬೂದಿ ಹಾಕಿ ಸಿಪ್ಪೆಯಲ್ಲಿ ತಿಕ್ಕಲಿ. ಕೆಂಪು ಹೋಗುವವರೆಗೆ ತಿಕ್ಕಬೇಕು, ಕೈ ನೋಯುತ್ತದೆ ಎಂದು ಬಿಡಬಾರದು. ಆಮೇಲೆ ಗಂಜಿತಿಳಿ ಕುದಿಸಿ ಚೆಲ್ಲಲಿ. ಎಣ್ಣೆ ಸವರಿ ಕೆಂಡದ ಮೇಲೆ ಇಡಲಿ, ಈರುಳ್ಳಿ ಕತ್ತರಿಸಿ ಉಜ್ಜಲಿ. ದಿನಾ ಹಾಗೆ ಮಾಡಲಿ. ಮೊದಮೊದಲ ದೋಸೆ ಎಲ್ಲ ಕೋಳಿಗೆ. ಬೇಸರ ಮಾಡಬಾರದು. ಕಬ್ಬಿಣಕ್ಕೆ ಹಠ ಉಂಟು, ಸಿಟ್ಟು ಇಲ್ಲ." ಮತ್ತೆ ನೆನಪಾಗಿ, "ಹುಳಿ ಮಾತ್ರ ಮುಟ್ಟಿಸಬಾರದು ಎಂದು ಹೇಳು" ಎಂದಳು.

ನಳಿನಾಕ್ಷಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮಾರುಕಟ್ಟೆ ಮುಗಿಸಿ ಬಂದವಳೇ ಹಿತ್ತಲಿನಲ್ಲಿ ಕೂತು ತಿಕ್ಕುವಳು. ಬೂದಿ, ಸಿಪ್ಪೆ, ಮತ್ತೆ ಬೂದಿ. ಉಗುರಿನ ಸಂದಿಯಲ್ಲಿ ತುಕ್ಕಿನ ನೀರು ನಿಂತು ಮೀನು ಕೊಳ್ಳುವವರು "ಕೈಗೆ ಎಂತ ಆಯಿತು?" ಎಂದು ಕೇಳಿದರು. ಕೆಂಪು ಹೋಗಿ ಬೂದು ಬಂತು, ಬೂದು ಹೋಗಿ ನಿಧಾನಕ್ಕೆ ಕಪ್ಪು ಬಂತು. ಕೋಳಿಗಳು ಹರಿದ ದೋಸೆ ತಿಂದು ತಿಂದು ಕೊಬ್ಬಿದವು. ಆಪರೇಷನ್ ಆಗಿ ಮುತ್ತಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬರುವ ಹೊತ್ತಿಗೆ ಕಾವಲಿ ಒಲೆಯ ಬದಿಯ ತನ್ನ ಜಾಗದಲ್ಲಿ ಏನೂ ಅರಿಯದ ಹಾಗೆ ಕೂತಿತ್ತು.

ಮರುದಿನ ಬೆಳಿಗ್ಗೆ ನಳಿನಾಕ್ಷಿ ಅದರಲ್ಲಿಯೇ ದೋಸೆ ಹೊಯ್ದು ಬಡಿಸಿದಳು. ಮುತ್ತಕ್ಕ ಒಂದು ತುಂಡು ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿದಳು. ಕನ್ನಡಕದ ಅಡಿಯಿಂದ ನೀರು ಇಳಿಯಿತು.

"ಮಾಮಿ, ಕಣ್ಣು ನೋಯುತ್ತದಾ?"

"ನಾಲಗೆ ಬಂತು ನಳಿನಾ! ನನ್ನ ನಾಲಗೆ ವಾಪಸ್ ಬಂತು!" ಮುದುಕಿ ನಗುತ್ತಿದ್ದಳು, ಅಳುತ್ತಲೂ ಇದ್ದಳು. "ಡಾಕ್ಟ್ರು ಕಣ್ಣಿನ ಜೊತೆ ಅದನ್ನೂ ಸರಿಮಾಡಿದ್ದಾರೆ. ಎರಡು ವರ್ಷದಿಂದ ನನಗೆ ರುಚಿ ಸತ್ತುಹೋಗಿತ್ತು. ನಿಮಗೆ ಯಾಕೆ ಬೇಸರ ಎಂದು ಹೇಳಲಿಲ್ಲ."

ನಳಿನಾಕ್ಷಿಯ ಕೈಯಲ್ಲಿ ಸಟ್ಟುಗ ಹಾಗೆಯೇ ನಿಂತಿತು.

"ಉಪ್ಪು ಉಪ್ಪೇ ಆಗುತ್ತಿತ್ತು, ಖಾರ ಖಾರವೇ. ದೋಸೆ ಮಾತ್ರ ದೋಸೆಯಲ್ಲ. ನೀನು ಅದೇ ಕಾವಲಿ ಎಂದೆ. ನಾಲಗೆ ಅಲ್ಲ ಎನ್ನುತ್ತಿತ್ತು. ಮಾರುಕಟ್ಟೆಯಲ್ಲಿ ಹಳೆ ಮೀನನ್ನು ಹಳೆಯದು ಎಂದೇ ಹೇಳಿ ಮಾರುವವಳು ನೀನು, ನನ್ನ ಹತ್ತಿರ ಸುಳ್ಳು ಹೇಳುತ್ತೀಯಾ? ಕೆಟ್ಟದ್ದು ನಾಲಗೆಯೇ ಎಂದುಕೊಂಡೆ. ಕಣ್ಣು ಹೋಯಿತು, ನಾಲಗೆ ಹೋಯಿತು, ಇನ್ನು ಉಳಿದದ್ದೆಂತ? ಅದಕ್ಕೇ ಉಪ್ಪು ನೋಡಲು ಹೋಗುವುದು ಬಿಟ್ಟೆ. ಅವರ ಅಡುಗೆ ಯಾಕೆ ಹಾಳುಮಾಡಬೇಕು?"

ನಳಿನಾಕ್ಷಿ ಅಡುಗೆಕೋಣೆಗೆ ಬಂದು ಗೋಡೆಗೆ ಒರಗಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಸೊಸೆಯ ಮೇಲೆ ಇಟ್ಟ ನಂಬಿಕೆಗೆ ಮುದುಕಿ ತನ್ನ ನಾಲಗೆಯನ್ನೇ ಬಲಿಕೊಟ್ಟು ಕೂತಿದ್ದಳು. ಈಗ ಸುಮ್ಮನಿದ್ದರೆ ಯಾರಿಗೂ ನಷ್ಟವಿಲ್ಲ. ಅತ್ತೆ ಖುಷಿಯಾಗಿದ್ದಾಳೆ, ಡಾಕ್ಟರಿಗೆ ಪುಣ್ಯ, ಕಾವಲಿ ಕಪ್ಪಗೆ ಹೊಳೆಯುತ್ತಿದೆ. ಹೊರಗೆ ಮುತ್ತಕ್ಕ ಆಗಲೇ ಬೇಲಿಯಾಚೆಯ ತೆರೆಸಾಳನ್ನು ಕೂಗಿ ಹೇಳುತ್ತಿದ್ದಳು, "ನೀನೂ ಪೊರೆ ತೆಗೆಸು ಮಾರಾಯ್ತಿ, ನಾಲಗೆಗೂ ಒಳ್ಳೆಯದು!"

ಅದನ್ನು ಕೇಳಿ ನಳಿನಾಕ್ಷಿಗೆ ಇನ್ನು ತಾಳಲಾಗಲಿಲ್ಲ. ಅಟ್ಟದಲ್ಲಿ ಅಡಗಿಸಿಟ್ಟಿದ್ದ ತವಾವನ್ನು ಇಳಿಸಿದಳು. ಅದೇ ಹಿಟ್ಟಿನಲ್ಲಿ ಒಂದು ದೋಸೆ ಹೊಯ್ದು ತಟ್ಟೆಯಲ್ಲಿ ಹಾಕಿ, ತವಾವನ್ನೂ ಕೈಯಲ್ಲಿ ಹಿಡಿದು ಅತ್ತೆಯ ಮುಂದೆ ನಿಂತಳು.

"ಇದನ್ನು ತಿಂದು ನೋಡಿ ಮಾಮಿ."

ಮುತ್ತಕ್ಕ ತಿಂದಳು. ಕೈ ನಿಂತಿತು. ಕನ್ನಡಕ ತೆಗೆದು ಹೊಸ ಕಣ್ಣಿನಿಂದ ತವಾ ನೋಡಿದಳು, ಸೊಸೆಯ ಕಪ್ಪಾದ ಉಗುರು ನೋಡಿದಳು, ಆಮೇಲೆ ಮುಖ ನೋಡಿದಳು. ನಳಿನಾಕ್ಷಿ ಬಂಗುಡೆಯಿಂದ ಹಿಡಿದು ಹುಣಸೆಹುಳಿಯವರೆಗೆ, ಕೋಳಿಗೂಡಿನಿಂದ ಸಟ್ಟುಗದ ಸದ್ದಿನವರೆಗೆ ಎಲ್ಲ ಹೇಳಿದಳು. ಹೇಳುವಾಗ ಒಮ್ಮೆಯೂ ತಲೆ ಎತ್ತಲಿಲ್ಲ.

"ಹಾಗಾದರೆ ನನ್ನ ನಾಲಗೆಗೆ ಎಂತದ್ದೂ ಆಗಿರಲಿಲ್ಲ."

"ಇಲ್ಲ ಮಾಮಿ."

ಮುತ್ತಕ್ಕ ಕೈ ತೊಳೆದು ಜಗಲಿಗೆ ಹೋಗಿ ಕೂತಳು. ನಳಿನಾಕ್ಷಿ ಬುಟ್ಟಿ ಹೊತ್ತು ಮಾರುಕಟ್ಟೆಗೆ ಹೋದಳು. ಆ ದಿನ ಯಾರೋ "ಮೀನು ಹೊಸತಾ?" ಎಂದು ಕೇಳಿದಾಗ "ನೀವೇ ನೋಡಿಕೊಳ್ಳಿ ಅಕ್ಕಾ" ಎಂದಳು.

ಸಂಜೆಯ ಊಟಕ್ಕೆ ಬಂಗುಡೆ ಸಾರು ಮಾಡಿದ್ದಳು. ಮುತ್ತಕ್ಕ ಬಂದು ಕೂತು, ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದಳು. ಕಣ್ಣು ಮುಚ್ಚಿದಳು. ಎರಡು ವರ್ಷದ ಮೇಲೆ ನಳಿನಾಕ್ಷಿ ಆ ಮುಖವನ್ನು ಹಾಗೆ ಕಂಡಳು.

"ಉಪ್ಪು ಹೆಚ್ಚಾಗಿದೆ" ಎಂದಳು ಮುತ್ತಕ್ಕ. "ಇವತ್ತು ಮಾತ್ರ ಅಲ್ಲ. ಎರಡು ವರ್ಷದಿಂದ ನಿನ್ನ ಸಾರಿಗೆ ಉಪ್ಪು ಹೆಚ್ಚೇ. ನನ್ನ ನಾಲಗೆಯದೇ ತಪ್ಪು ಎಂದು ಸುಮ್ಮನೆ ಉಂಡೆ."

ಆಮೇಲೆ ಅನ್ನಕ್ಕೆ ಆ ಸಾರನ್ನೇ ಸುರಿದುಕೊಂಡು ಕಲಸತೊಡಗಿದಳು. ನಳಿನಾಕ್ಷಿಯೂ ತನ್ನ ತಟ್ಟೆಗೆ ಹಾಕಿಕೊಂಡಳು. ಸಾರು ನಿಜಕ್ಕೂ ಉಪ್ಪಾಗಿತ್ತು. ಅವಳು ಒಂದು ತೊಟ್ಟು ಬಿಡದೆ ಉಂಡಳು.