ಬರಿಗಾಲಲ್ಲಿ ಬಂದವರು

ಪಕ್ಕದ ಮನೆಯ ಗಂಗವ್ವನ ಆಡಿನ ಕೊಟ್ಟಿಗೆಯ ತಗಡು ಬಿರುಗಾಳಿಗೆ ಹಾರಿ ಬಂದು ಬಿಜ್ಜರಗಿಯ ನಮ್ಮ ಹಿತ್ತಲಲ್ಲಿ ಬಿತ್ತು. ಗಾಳಿ, ಸಿಡಿಲು ಬಂದಾಗ ಅಡಗಿಕೊಳ್ಳಲೆಂದೇ ಅಲ್ಲಿ ನೆಲದೊಳಗೆ ಕಾಂಕ್ರೀಟ್ ಕೋಣೆಯೊಂದನ್ನು ಆಗಷ್ಟೇ ಕಟ್ಟಿಸಿದ್ದೆ. ಹೆಂಡತಿಯನ್ನು ಕರೆದುಕೊಂಡು ಓಡಿ ಮುಚ್ಚಳ ಎತ್ತಿದರೆ, ಒಳಗೆ ಗಂಗವ್ವ ತನ್ನ ಆಡುಗಳನ್ನೆಲ್ಲ ಅವಚಿಕೊಂಡು ಕುಳಿತಿದ್ದಳು! ನಾನು ಮೆಟ್ಟಿಲ ಮೇಲೆ ಕಾಲಿಟ್ಟೆ.

“ಕಾಕಾರ, ಚಪ್ಪಲಿ ಹೊರಗ ಬಿಡ್ರಿ. ನೀವ ಮಾಡಿದ ರೂಲ್ ಐತಿ,” ಎಂದಳು.

“ಮತ್ತ ಈ ಆಡು?”

“ಅವು ಬರಿಗಾಲಾಗ ಬಂದಾವ್ರಿ.”

ಹೆಂಡತಿ ನಗುತ್ತ ಮೊದಲೇ ಇಳಿದಳು. ನಾನು ಚಪ್ಪಲಿ ಕಳಚಿಟ್ಟು ಆಡುಗಳ ನಡುವೆ ಜಾಗ ಮಾಡಿಕೊಂಡೆ.

ಗಾಳಿ ನಿಂತಾಗ ಆಡುಗಳೆಲ್ಲ ಕ್ಷೇಮ. ನನ್ನ ಚಪ್ಪಲಿ ಮಾತ್ರ ನಾಪತ್ತೆ. ಈಗ ದಿನವೂ ಸಂಜೆ ಕೋಣೆಯ ಬ್ಯಾಟರಿ, ನೀರಿನ ಕೊಡ ನೋಡಿಬರುವಾಗ ಒಂದು ಹಿಡಿ ಮೇವನ್ನೂ ಇಟ್ಟು ಬರುತ್ತೇನೆ.